ಮಿಷನ್ನಿಗೆ ಹೊದಿಸಿದ ಕಂಬಳಿ

"ಸ್ವಲ್ಪ ಕೇಳ್ತೀರಾ... ನಲವತ್ತೆಂಟು ಅಂತ ಪೇಪರ್‌ನಲ್ಲಿ ಬಂದಿದ್ದು ಇದೇ ಮನೇನಾ?"

ಅಂಗಳದಲ್ಲಿ ಕೋಲು ಹಿಡಿದು ಕಂಬಳಿ ಬಡಿಯುತ್ತಿದ್ದ ಗಂಗಾಂಬಿಕೆ ಬೆಚ್ಚಿ ತಿರುಗಿದಳು. ಬೀಸಿದ ಕೋಲನ್ನು ತಡೆಯಲು ಆಗಲಿಲ್ಲ. ಕಂಬಳಿಯಿಂದ ಎದ್ದ ಧೂಳೆಲ್ಲ ಗೇಟಿನಾಚೆ ನಿಂತವನ ಮುಖಕ್ಕೇ ಹೋಯಿತು!

ಒಂದು ಸೀನು... ಎರಡು ಸೀನು... ಮೂರನೆಯದಕ್ಕೆ ಅವನ ಕೈಲಿದ್ದ ಪೇಪರ್ ಚೂರು ಹಾರಿ ಅವಳ ಕಾಲ ಬಳಿಯೇ ಬಿತ್ತು.

"ಅಯ್ಯೋ, ನೋಡ್ಲಿಲ್ಲ ಕಣ್ರೀ!"

"ಪರವಾಗಿಲ್ಲ ಬಿಡಿ. ಊರಲ್ಲೇ ಒಳ್ಳೆ ಗಾಳಿ ಇರೋ ಮನೆ ಅಂತ ಹುಡುಕ್ಕೊಂಡು ಬಂದೆ. ಚೆನ್ನಾಗೇ ಸ್ವಾಗತ ಮಾಡಿದ್ರಿ!"

ಅವನು ಕಣ್ಣುಜ್ಜಿಕೊಳ್ಳುತ್ತ ನಕ್ಕ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ನಿದ್ದೆಗೆಟ್ಟ ಕಣ್ಣು. ಎಷ್ಟೋ ದಿನದಿಂದ ನಗದವನು ಈಗ ನಕ್ಕಂತಿತ್ತು ಆ ನಗು.

ಬೇರೆ ದಿನವಾಗಿದ್ದರೆ ಗಂಗಾಳಿಗೂ ನಗು ಬರುತ್ತಿತ್ತೇನೋ. ಆದರೆ ಅವಳ ಮನಸ್ಸೆಲ್ಲ ಆ ಕಂಬಳಿಯ ಮೇಲೇ ಇತ್ತು. ಯಾಕೆಂದರೆ ಇವನು ಬರುವುದಕ್ಕೆ ಐದೇ ನಿಮಿಷ ಮೊದಲು, ಸಂಕ್ರಾಂತಿಗೆ ಮನೆ ಚೊಕ್ಕಟ ಮಾಡಲು ಕಂಬಳಿ ಹೊರಗೆ ತಂದಾಗ, ಅದರ ನಡುವೆ ತಟ್ಟೆಯಗಲದ ಬಿಳಿ ಗುರುತು ಕಂಡಿತ್ತು. ಕೈಯಿಟ್ಟರೆ ನುಣ್ಣನೆಯ ಕಲ್ಲಿನ ಪುಡಿ.

"ಅಪ್ಪಯ್ಯ, ಇದೆಂತದು ಕಂಬಳಿ ಮೇಲೆ?" ಎಂದು ಕೇಳಿದ್ದಳು.

"ಅದಾ? ಆ ಗಾಳಿ ಅಳೆಯೋ ಮಿಷನ್ನಿಗೆ ಹೊದಿಸಿದ್ದೆ ಮಾರಾಯ್ತಿ. ಸರ್ಕಾರದ ಸಾಮಾನು, ಇಬ್ಬನಿಗೆ ನೆನೆದು ಹಾಳಾದ್ರೆ ಯಾರು ಹೊಣೆ?"

ಅಪ್ಪಯ್ಯ ಅಂದರೆ ಜಯದೇವಪ್ಪ. ಮೂವತ್ತೆರಡು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು. ಜಡಿಮಳೆಯಲ್ಲೂ ಒಂದು ಕಾಗದ ಒದ್ದೆಯಾಗಲು ಬಿಟ್ಟವರಲ್ಲ. ನವೆಂಬರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು, ನರಸಿಂಹರಾಜಪುರದ ಈ ಹೊಸಕೇರಿಯಲ್ಲಿ ಕಾಂಕ್ರೀಟ್ ತಾರಸಿ ಇರುವುದು ನಿಮ್ಮ ಮನೆಗೆ ಮಾತ್ರ ಎಂದು ಮೇಲೆ ಮಿಷನ್ ಇಟ್ಟು, "ಜೋಪಾನವಾಗಿ ನೋಡ್ಕೊಳ್ಳಿ ಯಜಮಾನ್ರೇ" ಅಂದಿದ್ದರು. ಮುದುಕರು ಜೋಪಾನ ಮಾಡಿಯೇಬಿಟ್ಟರು! ಮಿಷನ್ ಓಡುವ ದಿನಗಳಲ್ಲಿ ಸಂಜೆಯಾಗುತ್ತಲೇ ಕಂಬಳಿ ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ಅದರ ಗರ್ರೋ ಎನ್ನುವ ಸದ್ದೂ ಕಡಿಮೆಯಾಗಿ ಅಕ್ಕಪಕ್ಕದವರು ಪುಣ್ಯ ಬರಲಿ ಅಂದಿದ್ದರಂತೆ.

ಕೇರಿಯ ಹಿಂದಿನ ಗುಡ್ಡದ ಜಲ್ಲಿ ಕ್ರಷರ್‌ಗೆ ತ್ರೀಫೇಸ್ ಕರೆಂಟ್ ಬರುತ್ತಿದ್ದುದೇ ಕತ್ತಲಾದ ಮೇಲೆ. ಧೂಳು ಏಳುವ ಹೊತ್ತಿಗೆ ಸರಿಯಾಗಿ ಮಿಷನ್ನಿನ ಬಾಯಿಗೆ ಕಂಬಳಿ.

'ಬಾಯಿ ಮುಚ್ಚಬಾರದು, ಸುತ್ತ ಏನೂ ಅಡ್ಡ ಇರಬಾರದು' ಎಂದು ಮಿಷನ್ ಇಡಲು ಬಂದ ಮಂಡಳಿಯ ಮನುಷ್ಯ ಹೇಳಿದ್ದ. ಹೇಳಿದ್ದು ಗಂಗಾಳಿಗೆ. ಅವಳ ಕೈಲಿ ಆಗ ಮದುವೆ ಮನೆಯ ಹದಿನಾಲ್ಕು ರವಿಕೆಗಳಿದ್ದವು. ಹೂಂ ಅಂದವಳು ಅಪ್ಪಯ್ಯನಿಗೆ ಹೇಳಲು ಮರೆತಳು. ಅಷ್ಟೇ.

ಈಗ ಮರೆವಿನ ಫಲ ಪೇಪರ್ ಚೂರಾಗಿ ಕಾಲ ಬಳಿ ಬಿದ್ದಿತ್ತು. ಕೊಪ್ಪ ಬಸ್‌ಸ್ಟ್ಯಾಂಡ್ ನೂರ ಇಪ್ಪತ್ತೊಂದು. ಶೃಂಗೇರಿ ಅರವತ್ತೆರಡು. ಹೊಸಕೇರಿ, ನರಸಿಂಹರಾಜಪುರ, ನಲವತ್ತೆಂಟು. ಕೊನೆಯದರ ಸುತ್ತ ಪೆನ್ನಿನಿಂದ ಎರಡು ಸುತ್ತು ಹಾಕಿದ್ದ.

"ಅಂಕಿ ಕಡಿಮೆ ಇದ್ದಷ್ಟೂ ಗಾಳಿ ಒಳ್ಳೇದಂತೆ. ನನ್ನ ಹೆಸರು ಶಶಿಕಿರಣ್. ಶೃಂಗೇರಿ–ಎನ್.ಆರ್.ಪುರ ಬಸ್ಸಲ್ಲಿ ಕಂಡಕ್ಟರ್ರು. ದಾರಿಯಲ್ಲಿ ಎಲ್ಲಿ ಮನೆ ಮಾಡಿದ್ರೂ ನಂಗೆ ಒಂದೇ. ಅಮ್ಮಂಗೆ ಉಬ್ಬಸ. ಬಾಳಗಡಿಯಲ್ಲಿ ರಸ್ತೆ ಬದಿ ಇದ್ದೀವಿ, ಡೀಸೆಲ್ ಹೊಗೆಗೆ ಆಗ್ತಿಲ್ಲ. ಇಲ್ಲಿ ಯಾವ್ದಾದ್ರೂ ಬಾಡಿಗೆ ಮನೆ..."

'ಹೇಳು ಗಂಗಾ! ಈಗಲೇ ಹೇಳು, ಈ ಅಂಕಿ ಸುಳ್ಳು ಅಂತ!'

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಎದುರುಮನೆ ನಾಗಪ್ಪ ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದರು. "ಬನ್ನಿ ಬನ್ನಿ, ನಮ್ದೇ ಒಂದು ಮನೆ ಖಾಲಿ ಇದೆ! ನಮ್ಮ ಕೇರಿ ಗಾಳಿ ಅಂದ್ರೆ ಸುಮ್ನೆ ಅಲ್ಲ, ಸರ್ಕಾರವೇ ಬರೆದುಕೊಟ್ಟಿದೆ!"

ಜಗಲಿಯ ಮೇಲೆ ಜಯದೇವಪ್ಪ ಮೀಸೆ ತಿರುವಿದರು. ತಮ್ಮ ತಾರಸಿಯ ಅಂಕಿ ಪೇಪರಿನಲ್ಲಿ ಬಂದಿದ್ದೇ ಅವರಿಗೆ ದೊಡ್ಡ ಮರ್ಯಾದೆ. ಆ ಮುಖ ನೋಡಿದ ಗಂಗಾ ಕಂಬಳಿ ಮಡಚಿ ಒಳಗೆ ಇಟ್ಟಳು.

ಅದು ಎರಡು ಸಾವಿರದ ಆರರ ಜನವರಿ.

ಗಂಗಾಳಿಗೆ ಮೂವತ್ತೊಂದು ತುಂಬಿತ್ತು. ನೋಡಲು ಬಂದವರಿಗೆ ಕೇಸರಿಬಾತು ಮಾಡಿ ಮಾಡಿ ಕೈ ಸೋತಿತ್ತು. ಒಬ್ಬರಿಗೆ ಬಣ್ಣ ಸಾಲದು, ಇನ್ನೊಬ್ಬರಿಗೆ ವಯಸ್ಸು ಜಾಸ್ತಿ, ಮತ್ತೊಬ್ಬರು ಕೇಸರಿಬಾತು ಎರಡು ಸಲ ಹಾಕಿಸಿಕೊಂಡು ಹೋದವರು ಕಾಗದವನ್ನೂ ಬರೆಯಲಿಲ್ಲ. ಈಗ ಅವಳಿಗೆ ಬೇಜಾರೂ ಆಗುತ್ತಿರಲಿಲ್ಲ. ಸುಸ್ತು, ಅಷ್ಟೇ. ಬೆಳಿಗ್ಗೆ ಎದ್ದು ಹೊಲಿಗೆ ಮಿಷನ್ ಒರೆಸುವುದು, ಮಧ್ಯಾಹ್ನ ಒರೆಸುವುದು, ಸಂಜೆ ಒರೆಸುವುದು. ಬಿಳಿ ಬಟ್ಟೆ ಹೊಲಿಯಲು ಕೊಟ್ಟವರಿಗೆ ಬೂದು ಬಟ್ಟೆ ಕೊಟ್ಟು ಬೈಸಿಕೊಳ್ಳುವುದು.

ಶಶಿಕಿರಣ್ ಮತ್ತು ಅವನ ತಾಯಿ ಗಿರಿಯಮ್ಮ ನಾಗಪ್ಪನವರ ಮನೆಗೆ ಬಂದರು. ಬಂದ ಮೂರನೇ ದಿನಕ್ಕೇ ಗಿರಿಯಮ್ಮ ಇವಳ ಜಗಲಿ ಹಿಡಿದರು.

"ಮಗಳೇ, ಸೂಜಿಗೆ ದಾರ ನಾನು ಪೋಣಿಸ್ತೀನಿ ಕೊಡು. ಉಸಿರು ಕೆಟ್ಟಿದೆ, ಕಣ್ಣು ಕೆಟ್ಟಿಲ್ಲ!"

ತಾಯಿಯನ್ನು ಕಳೆದುಕೊಂಡು ಒಂಬತ್ತು ವರ್ಷವಾಗಿದ್ದ ಗಂಗಾಳಿಗೆ 'ಮಗಳೇ' ಎನ್ನುವ ಮಾತು ಕೇಳಿ ಕಣ್ಣು ತುಂಬಿತು. ತಗ್ಗಿಸಿದ ತಲೆ ಎತ್ತದೆ ಹೊಲಿದಳು.

ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬರುವ ಶಶಿಕಿರಣ್ ದಿನಾ ಏನಾದರೊಂದು ನೆಪ ತರುತ್ತಿದ್ದ. ಒಂದು ದಿನ ಗುಂಡಿ ಕಿತ್ತ ಅಂಗಿ. ಮಾರನೆಯ ದಿನವೂ ಗುಂಡಿ ಕಿತ್ತ ಅಂಗಿ.

"ಎಂತ ಮಾರಾಯ್ರೇ, ಗುಂಡಿ ತಾನಾಗಿ ಕೀಳುತ್ತಾ, ನೀವೇ ಕೀಳ್ತೀರಾ?"

"ರಶ್ಶಲ್ಲಿ ಕೀಳುತ್ತೆ ಕಣ್ರೀ."

"ಇದು ಬ್ಲೇಡಲ್ಲಿ ಕುಯ್ದ ಹಾಗಿದೆ."

"ಬ್ಲೇಡ್ ಹಿಡ್ಕೊಂಡು ಬಸ್ ಹತ್ತೋರು ಜಾಸ್ತಿಯಾಗಿದ್ದಾರೆ ಈಗೀಗ..."

ಗಂಗಾ ನಕ್ಕುಬಿಟ್ಟಳು. ನಕ್ಕ ಮೇಲೆ ತನಗೇ ಆಶ್ಚರ್ಯ. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಅವನೂ ಸೋತವನೇ. ಮೂವತ್ತೈದಾಗಿತ್ತು. ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದ. ಒಂದು ಕಡೆ ಅಕ್ಕಿಗಿರಣಿಯ ಹೊಟ್ಟು, ಇನ್ನೊಂದು ಕಡೆ ಬೀದಿಯ ಹೊಗೆ. ಉಬ್ಬಸದ ಅತ್ತೆ ಇರುವ ಮನೆಗೆ ಹೆಣ್ಣು ಕೊಡುವವರೂ ಇರಲಿಲ್ಲ.

"ಈ ಅಂಕಿ ಪೇಪರ್‌ನಲ್ಲಿ ನೋಡಿದಾಗ ಅಳು ಬಂತು ಕಣ್ರೀ," ಎಂದ ಒಂದು ಸಂಜೆ. "ಎಲ್ಲಿಗೆ ಹೋಗ್ಬೇಕು ಅಂತ ಯಾರೋ ಮೊದಲ ಸಲ ಹೇಳಿಕೊಟ್ಟ ಹಾಗಾಯ್ತು. ಇನ್ನು ಸಾಮಾನು ಕಟ್ಟೋದು ಬೇಡ ಅನ್ಸಿದೆ."

ಸೂಜಿ ಬೆರಳಿಗೆ ಚುಚ್ಚಿತು. ಗಂಗಾ ಬೆರಳನ್ನು ಬಾಯಲ್ಲಿಟ್ಟುಕೊಂಡಳು, ಮಾತು ಹೊರಗೆ ಬರದಿರಲಿ ಎಂಬಂತೆ.

'ನಾಳೆ ಹೇಳ್ತೀನಿ... ನಾಳೆ ಖಂಡಿತ ಹೇಳ್ತೀನಿ.'

ಹಾಳಾದ ನಾಳೆಗಳು ಬರುತ್ತಲೇ ಇದ್ದವು, ಅವಳು ಹೇಳಲಿಲ್ಲ. ಅಪ್ಪಯ್ಯನಿಗೆ ಅವಮಾನವಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಸಂಜೆ ಐದೂವರೆಗೆ ಗೇಟಿನ ಸದ್ದು ಕೇಳಿದಾಗ ಎದೆಯೊಳಗೆ ಆಗುವುದಕ್ಕೂ ಅಪ್ಪಯ್ಯನ ಮರ್ಯಾದೆಗೂ ಸಂಬಂಧವಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಫೆಬ್ರವರಿಯಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಬೇಕೆಂದು ಕ್ರಷರ್ ಹೆಚ್ಚು ಹೊತ್ತು ಓಡತೊಡಗಿತು. ಗಿರಿಯಮ್ಮನ ಎದೆ ಗೊರಗೊರ ಅನ್ನತೊಡಗಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಬರುವುದನ್ನೂ ಬಿಟ್ಟರು.

ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದ ಗಂಗಾ ಬಾಗಿಲಲ್ಲೇ ನಿಂತಳು. ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಗುಡ್ಡದ ಕಡೆಯದೂ.

"ಇದೆಂತ ಇದು, ಎಲ್ಲ ತೆರೆದಿಟ್ಟಿದ್ದೀರಿ!"

"ಬೇಕಂತಲೇ ತೆರೆದಿದ್ದೀನಿ," ಎಂದ ಶಶಿಕಿರಣ್. ಅಮ್ಮನ ಬೆನ್ನು ನೀವುತ್ತ ಕೂತಿದ್ದ, ಕಣ್ಣು ಕೆಂಪಾಗಿತ್ತು. "ಹೊರಗಿನ ಗಾಳಿ ಚೆನ್ನಾಗಿದೆಯಲ್ಲ. ಒಳಗೇ ಏನೋ ಇರ್ಬೇಕು. ಒಳ್ಳೆ ಗಾಳಿ ಆಡ್ಲಿ ಅಂತ ಹಗಲೂ ರಾತ್ರಿ ಮುಚ್ಚಿಲ್ಲ."

ಗಂಗಾ ಗಂಜಿ ಕೆಳಗಿಟ್ಟು ಕಿಟಕಿಯ ಕಡೆ ನೋಡಿದಳು. ಕಿಟಕಿಯ ದಂಡೆಯ ಮೇಲೆ ಬಿಳಿ ಪುಡಿ ಕೂತಿತ್ತು. ಅದು ಅವನಿಗೆ ಕಂಡಿರಲಿಲ್ಲವೇ? ಕಂಡಿರುತ್ತದೆ. ಆದರೆ ಕಣ್ಣಿಗಿಂತ ಅವನು ಆ ಪೇಪರ್ ಚೂರನ್ನು ನಂಬಿದ್ದ.

ಹೊರಗೆ ಬಂದವಳ ಹಿಂದೆಯೇ ಅವನೂ ಬಂದ. ದನಿ ತಗ್ಗಿಸಿದ.

"ಗಂಗಾ..."

ಮೊದಲ ಸಲ ಹಾಗೆ ಕರೆದಿದ್ದ. ಅವಳ ಕಾಲು ಅಲ್ಲೇ ನಿಂತಿತು.

"ನಾಳೆ ನಿಮ್ಮ ಅಪ್ಪಯ್ಯನ ಹತ್ರ ಎರಡು ವಿಷಯ ಕೇಳೋದಿದೆ. ನಿಮ್ಮ ಮನೆ ಹಿಂದಿನ ಸೈಟು ನಂಗೆ ಕೊಡ್ತಾರಾ ಅಂತ ಒಂದು. ಅಮ್ಮ ಹುಷಾರಾದ್ಮೇಲೆ ಇಲ್ಲೇ ಮನೆ ಕಟ್ಟಿ ಇದ್ದುಬಿಡ್ತೀನಿ. ಇನ್ನೊಂದು... ಇನ್ನೊಂದು ನಿಮ್ಗೆ ಗೊತ್ತಲ್ಲ."

ಹತ್ತು ವರ್ಷದಿಂದ ಕಾದ ಮಾತು! ಕೇಳಿದ್ದೇ ಹಾರಿ ಕುಣಿಯಬೇಕಿತ್ತು. ಗಂಗಾಳ ಕಣ್ಣು ಆ ತೆರೆದ ಕಿಟಕಿಗಳ ಕಡೆಗೇ ಹೋಯಿತು.

'ಈಗ ಸುಮ್ಮನಿದ್ದರೆ ಇವನು ನನ್ನವನು. ಆದರೆ ಆ ತಾಯಿ?'

"ಒಂದ್ ನಿಮಿಷ ನಮ್ಮನೆಗೆ ಬನ್ನಿ," ಎಂದಳು.

ಜಗಲಿಯ ಮೇಲೆ ಕಂಬಳಿ ಬಿಡಿಸಿ ಹಾಸಿದಳು. ಎಷ್ಟು ಬಡಿದರೂ ಹೋಗದ ಬಿಳಿ ಗುರುತು ನಡುವೆ ಎದ್ದು ಕಾಣುತ್ತಿತ್ತು. ಅಪ್ಪಯ್ಯ, ಇಬ್ಬನಿ, ಮಿಷನ್ನು, ತಾನು ಮರೆತ ಮಾತು... ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿಯುವ ಹೊತ್ತಿಗೆ ಶಶಿಕಿರಣ್ ಮುಖದಲ್ಲಿ ರಕ್ತವಿರಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಮ್ಗೆ?"

"ನೀವು ಬಂದ ದಿನ... ಆವತ್ತು ಬಡೀತಿದ್ದಿದ್ದು ಇದೇ ಕಂಬಳಿ."

"ನಲವತ್ತು ದಿನ! ನಲವತ್ತು ದಿನ ನಮ್ಮಮ್ಮ ನಿಮ್ಮ ಜಗಲಿಯಲ್ಲಿ ಕೂತಿದ್ರು. ನೀವು ನೋಡ್ತಾ ಇದ್ರಿ!"

"ಶಶೀ... ನಾನು..."

"ನಾಗಪ್ಪ ಹೇಳ್ತಿದ್ರು, ಅಂಕಿ ಬಂದ ಮೇಲೆ ಈ ಕೇರಿ ಸೈಟಿಗೆ ಭಾರೀ ಬೇಡಿಕೆ ಅಂತ. ಜಯದೇವಪ್ಪನವರ ಅದೃಷ್ಟ ಖುಲಾಯಿಸಿತು ಅಂತ. ನಾನು ತಮಾಷೆ ಅಂದ್ಕೊಂಡಿದ್ದೆ. ಸೈಟು ಮಾರೋದಕ್ಕಾ ಇದೆಲ್ಲ?"

"ಅಲ್ಲ! ದೇವರಾಣೆಗೂ ಅಲ್ಲ!"

ಅವನು ಕೇಳಲು ನಿಲ್ಲಲಿಲ್ಲ. ಎರಡೇ ದಿನಕ್ಕೆ ಎದುರುಮನೆಯ ಮುಂದೆ ಲಗೇಜ್ ಆಟೋ ನಿಂತಿತು. ಗಿರಿಯಮ್ಮ ಹತ್ತುವಾಗ ಈ ಕಡೆ ತಿರುಗಿ ಏನೋ ಹೇಳಲು ನೋಡಿದರು. ಕೆಮ್ಮು ಬಂದು ಹೇಳಲಾಗಲಿಲ್ಲ. ಶಶಿಕಿರಣ್ ಇತ್ತ ನೋಡಲೇ ಇಲ್ಲ.

ಮಗಳಿಂದ ವಿಷಯವೆಲ್ಲ ಕೇಳಿದ ಜಯದೇವಪ್ಪ ಆವತ್ತು ರಾತ್ರಿ ಊಟ ಮಾಡಲಿಲ್ಲ.

"ಒಂದು ಕಾಗದ ತಪ್ಪು ಮನೆಗೆ ಕೊಟ್ಟವನಲ್ಲ ನಾನು," ಎಂದರು. "ಈಗ ಊರಿಗೇ ತಪ್ಪು ವಿಳಾಸ ಕೊಟ್ಟೆನಲ್ಲ ಮಗಾ."

"ನಿಮ್ಗೆ ಹೇಳದೇ ಇದ್ದಿದ್ದು ನಾನು ಅಪ್ಪಯ್ಯ. ಗೊತ್ತಾದ ಮೇಲೂ ಮುಚ್ಚಿಟ್ಟಿದ್ದು ನಾನು."

ಗಂಗಾಳಿಗೆ ಅಳಲೂ ತ್ರಾಣವಿರಲಿಲ್ಲ. ಆದರೆ ಅಂಥ ಪೇಪರ್ ಚೂರು ಇನ್ನೂ ಎಷ್ಟು ಜನರ ಜೇಬಿನಲ್ಲಿದೆಯೋ ಎಂಬ ಯೋಚನೆ ಮಲಗಲು ಬಿಡಲಿಲ್ಲ. ಇನ್ಯಾರೋ ಮಗ ಇನ್ಯಾರೋ ತಾಯಿಯನ್ನು ಕರೆದುಕೊಂಡು ಬಂದರೆ?

ಬೆಳಿಗ್ಗೆ ಎದ್ದವಳೇ ಕಂಬಳಿ ಕಂಕುಳಲ್ಲಿ ಇಟ್ಟುಕೊಂಡು ಪಟ್ಟಣ ಪಂಚಾಯ್ತಿಗೆ ಹೋದಳು. ನಡೆದದ್ದನ್ನೆಲ್ಲ ಬರೆದು ಮಂಡಳಿಗೆ ಅರ್ಜಿ ಹಾಕಿದಳು. ಕೆಳಗೆ ಅಪ್ಪಯ್ಯನೂ ಸಹಿ ಮಾಡಿದರು, ಗುಂಡುಗುಂಡಾದ ಪೋಸ್ಟಾಫೀಸ್ ಅಕ್ಷರದಲ್ಲಿ. ಇಲ್ಲಿಯ ಅಂಕಿ ಸರಿಯಲ್ಲ, ಮತ್ತೆ ಅಳೆಯಿರಿ.

ಕೇರಿಗೆ ಕೇರಿಯೇ ತಿರುಗಿಬಿತ್ತು.

"ತಲೆಗಿಲೆ ಕೆಟ್ಟಿದೆಯಾ ನಿಂಗೆ?" ನಾಗಪ್ಪ ಗೇಟಿನಲ್ಲೇ ಕೂಗಾಡಿದರು. "ತಾನಾಗಿ ಬಂದ ಒಳ್ಳೆ ಹೆಸರು! ನಿಮ್ಮದೇ ಸೈಟು ಯಾರೂ ಮೂಸಿ ನೋಡಲ್ಲ ಇನ್ನು!"

"ಹೌದು ನಾಗಪ್ಪಣ್ಣ, ನಮ್ದೇ ಮೊದ್ಲು ಹೋಗೋದು," ಎಂದಳು ಗಂಗಾ. ಜಗಳ ಆಡುವ ಶಕ್ತಿಯಂತೂ ಇರಲಿಲ್ಲ. ಅದಕ್ಕೇ ದನಿ ಅಷ್ಟು ತಣ್ಣಗಿತ್ತು.

ಡಿಸೆಂಬರಿನಲ್ಲೇ ಅಳತೆ ಮುಗಿಸಿ ಒಯ್ದಿದ್ದ ಮಿಷನ್ ಮಾರ್ಚಿನಲ್ಲಿ ಮತ್ತೆ ಬಂತು. ಗಂಗಾ ತಾರಸಿಯಲ್ಲೇ ಚಾಪೆ ಹಾಕಿದಳು. ಮಿಷನ್ ಓಡಿದಷ್ಟು ದಿನವೂ ಮೂಗಿಗೆ ಸೆರಗು ಕಟ್ಟಿಕೊಂಡು ಅದರ ಪಕ್ಕ ಕೂತಳು. ಸದ್ದಿಗೆ ಕೇರಿಯವರು ನಿದ್ದೆಗೆಟ್ಟು ಶಾಪ ಹಾಕಿದರು. ಮಂಡಳಿಯವರು ಒಳಗಿನ ಸೋಸುವ ಕಾಗದ ತೆಗೆದಾಗ ಈ ಸಲ ಅದು ಬೂದುಗಟ್ಟಿತ್ತು.

ಏಪ್ರಿಲ್ ಮೊದಲ ವಾರ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಹೊಸ ಅಂಕಿ ಬಂತು. ಇನ್ನೂರ ಹದಿಮೂರು.

ಕ್ರಷರ್‌ನವರಿಗೆ ನೋಟಿಸು ಹೋಯಿತಂತೆ. ಹೊಸಕೇರಿಯಲ್ಲಿ ಮತ್ತೆರಡು ಮನೆ ಖಾಲಿಯಾದವು. ನಾಗಪ್ಪ ಮಾತು ಬಿಟ್ಟರು. ರವಿಕೆ ಹೊಲಿಸುವವರೂ ಕಡಿಮೆಯಾದರು. ಪಂಚಾಯ್ತಿಗೆ ಹೋಗಿ ಓದುವವರು ಎಷ್ಟು ಜನ ಎಂದುಕೊಂಡ ಗಂಗಾ, ಹಳೆಯ ಸ್ಲೇಟೊಂದರ ಮೇಲೆ ಸೀಮೆಸುಣ್ಣದಲ್ಲಿ ಬರೆದು ತನ್ನ ಜಗಲಿಯ ಕಂಬಕ್ಕೆ ನೇತುಹಾಕಿದಳು: 'ಹೊಸಕೇರಿಯ ಗಾಳಿ ೨೧೩. ಉಬ್ಬಸ ಇರುವವರು ಇಲ್ಲಿ ಮನೆ ಮಾಡಬೇಡಿ.'

ಆಮೇಲೆ ಹೊಲಿಗೆ ಮಿಷನ್ ಒರೆಸಿ ಕೆಲಸಕ್ಕೆ ಕೂತಳು. ಸಂಜೆ ಐದೂವರೆಗೆ ಮಾತ್ರ ಕಿವಿ ತಾನಾಗಿಯೇ ಗೇಟಿನ ಕಡೆ ಹೋಗುತ್ತಿತ್ತು. ಗೇಟು ಸದ್ದು ಮಾಡುತ್ತಿರಲಿಲ್ಲ.

ಯುಗಾದಿ ಕಳೆದು ಹತ್ತಿಪ್ಪತ್ತು ದಿನವಾಗಿತ್ತು. ಮಟಮಟ ಮಧ್ಯಾಹ್ನ. ಯಾರೋ ಜಗಲಿಯ ಮುಂದೆ ನಿಂತ ನೆರಳು ಬಿತ್ತು.

"ಅಂಗಿ ಗುಂಡಿ ಕಿತ್ತಿದೆ," ಎಂದಿತು ದನಿ.

ಗಂಗಾ ತಲೆಯೆತ್ತಲಿಲ್ಲ. ಎತ್ತಿದರೆ ಕಣ್ಣೀರು ಬೀಳುತ್ತದೆಂದು ಗೊತ್ತಿತ್ತು.

"ಬ್ಲೇಡಲ್ಲಿ ಕುಯ್ದಿದ್ದಾ?"

"ಇಲ್ಲ. ಈ ಸಲ ನಿಜವಾಗ್ಲೂ ಕಿತ್ತಿದೆ."

ಶಶಿಕಿರಣ್ ಸ್ಲೇಟಿನ ಮುಂದೆ ನಿಂತು ಎರಡು ಸಲ ಓದಿದ. ಬಡವಾಗಿದ್ದ.

"ಬಸ್ಸಲ್ಲಿ ನಿಮ್ಮ ನಾಗಪ್ಪ ಸಿಕ್ಕಿದ್ರು. ಕೊಪ್ಪದವರೆಗೂ ನಿಮ್ಮನ್ನ ಬೈದ್ರು. ಒಳ್ಳೆ ಹೆಸರು ಹಾಳು ಮಾಡಿದ್ಲು, ಅವರ ಸೈಟೇ ಯಾರಿಗೂ ಬೇಡವಾಗಿದೆ, ಮಿಷನ್ ಕಾಯ್ಕೊಂಡು ತಾರಸಿ ಮೇಲೆ ಕೂತಿದ್ಲು ಹುಚ್ಚಿ ಅಂತ. ಅವರು ಬೈತಾ ಬೈತಾ ಇದ್ದ ಹಾಗೆ... ನಂಗೆ ತಲೆ ತಗ್ಗಿಸೋ ಹಾಗಾಯ್ತು. ಸೈಟು ಮಾರೋದಕ್ಕೆ ಅಂದ್ನಲ್ಲ ನಾನು..."

"ನೀವು ಅಂದಿದ್ದು ತಪ್ಪು. ಆದ್ರೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು." ಗಂಗಾ ಈಗ ತಲೆಯೆತ್ತಿದಳು. "ಅಪ್ಪಯ್ಯನ ಮರ್ಯಾದೆ ಅಂತ ನೆಪ ಹೇಳ್ಕೊಂಡೆ. ನಿಜ ಅದಲ್ಲ. ಹೇಳಿದ್ರೆ ನೀವು ಹೊರಟುಹೋಗ್ತೀರಿ ಅಂತ ಹೇಳ್ಲಿಲ್ಲ. ನೀವು ದಿನಾ ಬರ್ಬೇಕಿತ್ತು ನಂಗೆ. ಅಷ್ಟಕ್ಕೆ ಗಿರಿಯಮ್ಮನ ಉಸಿರು..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನೀವು ಯಾಕೆ ಹೇಳ್ಲಿಲ್ಲ ಅಂತ ಅಮ್ಮಂಗೆ ಗೊತ್ತಿತ್ತು," ಎಂದ ಅವನು ಮೆಲ್ಲಗೆ. "ಆಟೋ ಹತ್ತುವಾಗ ಅದನ್ನೇ ಹೇಳೋಕೆ ಹೋಗಿದ್ರಂತೆ. ಆ ಹುಡುಗಿ ಆಮೇಲೂ ಹೇಳದೇ ಇರಬಹುದಿತ್ತು ಕಣೋ, ನೀನು ಮದುವೆ ಮಾತೆತ್ತಿದ ದಿನವೇ ಹೇಳಿದ್ಲಲ್ಲ, ಅದು ಸುಲಭವಾ ಅಂತ ದಿನಾ ನನ್ನ ತಲೆ ತಿಂತಾರೆ."

ಗಂಗಾ ಬಿಕ್ಕಿದಳು. ಅವನು ಜಗಲಿಯ ಅಂಚಿಗೆ ಕೂತ, ನಡುವೆ ಹೊಲಿಗೆ ಮಿಷನ್ ಇಟ್ಟುಕೊಂಡು.

"ನೀವು ಬರೆದ ಹಾಗೆ ಇಲ್ಲಿಗೆ ಯಾರೂ ಬರಬಾರದು. ನಾನೂ ಇರೋಕೆ ಬಂದಿಲ್ಲ. ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಬರ್ತೀಯಾ ಗಂಗಾ?"

'ಬರ್ತೀಯಾ' ಎಂಬ ಏಕವಚನ ಅವಳ ಎದೆಗೆ ತಾಗಿತು. ಹೂಂ ಅನ್ನಬೇಕು, ಆದರೆ ಕಣ್ಣು ಒಳಬಾಗಿಲ ಕಡೆ ಹೋಯಿತು.

"ಅಪ್ಪಯ್ಯನ್ನ ಈ ಧೂಳಲ್ಲಿ ಬಿಟ್ಟು ನಾನು ಬರಲ್ಲ."

"ಬಿಡು ಅಂದವರು ಯಾರು? ಬಾಡಿಗೆ ಮನೆಗೆ ಎರಡು ರೂಮಿದೆ ಅಂತ ಅಮ್ಮ ಮೊದಲೇ ಹೇಳಿ ಕಳ್ಸಿದ್ದಾರೆ."

ಬಾಗಿಲ ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಜಯದೇವಪ್ಪ ಎಷ್ಟು ಹೊತ್ತಿನಿಂದ ನಿಂತಿದ್ದರೋ!

"ಅಳಿಯಂದಿರ ಮನೇಲಿ ಮಾವ ಇರೋದು ಚೆಂದ ಅಲ್ಲ," ಎಂದರು. "ಪಕ್ಕದಲ್ಲೇ ಒಂದು ರೂಮು ನೋಡಿ. ಸರ್ಕಾರದವರು ಅಲ್ಲಿ ಏನಾದ್ರೂ ಇಟ್ಟುಹೋದ್ರೆ ಮಾತ್ರ ನಂಗೆ ಹೇಳ್ಬೇಡಿ, ನಾನು ಮುಟ್ಟಲ್ಲ!"

ಮೂವರೂ ನಕ್ಕರು. ನಗುತ್ತಲೇ ಜಯದೇವಪ್ಪ ಕಣ್ಣೊರೆಸಿಕೊಂಡು ಕಾಫಿ ಕಾಯಿಸಲು ಒಳಗೆ ಹೋದರು.

ಗಂಗಾ ಸೂಜಿಗೆ ದಾರ ಪೋಣಿಸಿ, ಅವನು ತೊಟ್ಟ ಅಂಗಿಗೇ ಗುಂಡಿ ಹಚ್ಚತೊಡಗಿದಳು.

"ಮನೆ ಎಲ್ಲಿ?"

"ಹರಿಹರಪುರ. ರಸ್ತೆಯಿಂದ ಒಳಗೆ."

"ಅಲ್ಲಿ ಎಷ್ಟಂತೆ ಅಂಕಿ?"

"ಅಲ್ಲಿ ಯಾರೂ ಅಳೆದಿಲ್ಲ."

"ಮತ್ತೆ ಗಾಳಿ ಒಳ್ಳೇದು ಅಂತ ಹೇಗೆ ಗೊತ್ತು?"

"ಅಮ್ಮ ಈಗ ಮಲಗಿ ನಿದ್ದೆ ಮಾಡ್ತಾರೆ."

ಗಂಗಾಳ ಕೈ ನಿಂತಿತು. ಗೋಡೆಗೆ ಒರಗಿ ಕೂತ ಆ ಜೀವ ಕಣ್ಣ ಮುಂದೆ ಬಂತು. ಎಷ್ಟೋ ವಾರಗಳ ಮೇಲೆ ಅವಳು ನಿರಾಳವಾಗಿ ಒಂದು ಉಸಿರು ಬಿಟ್ಟಳು. ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದಳು.

"ಅಲ್ಲಿ ಚಳಿ ಜಾಸ್ತಿನಾ?"

"ಬೆಳಗಿನ ಜಾವ ಸ್ವಲ್ಪ."

"ಅತ್ತೆಗೆ ಹೊದೆಯೋಕೆ... ಆ ಕಂಬಳಿ ತರ್ಲಾ?"

ಶಶಿಕಿರಣ್ ಅವಳನ್ನು ನೋಡಿದ. ಗೇಟಿನ ಆಚೆ ಮೊದಲ ದಿನ ಸೀನಿ ನಕ್ಕಿದ್ದನಲ್ಲ, ಅದೇ ನಗು.

"ತಾ. ಒಗೆದು ತಾ."